ಎದೆಪಟ್ಟಿ ಮತ್ತು ಬೆಳ್ಳಿ ಕರಡಿಗೆ

ಗುಡ್ಡ ಹತ್ತುವ ನನ್ನ ಸೈಕಲ್ಲಿಗೆ ಒಂದು ಮೀಟರು, ನನ್ನ ಎದೆಗೆ ಒಂದು ಮೀಟರು, ಇವೆರಡನ್ನು ಆರಿಸಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಹೆಣ್ಣು ನೋಡಲು ಹೋದಾಗ ಕೂಡ ಇಷ್ಟು ತಡ ಮಾಡಿದವನಲ್ಲ. ಅವತ್ತು ಕೊಟ್ಟ ಚಹಾ ಆರುವ ಮೊದಲೇ ಹೂಂ ಅಂದುಬಿಟ್ಟಿದ್ದೆ. ಈ ಮಾತನ್ನು ನನ್ನ ಹೆಂಡತಿ ಇವತ್ತಿಗೂ ಎತ್ತಿ ಆಡುತ್ತಾಳೆ.

ನಾನು ಭೂಮಾಪಕ. ಹುಟ್ಟಿದ್ದು ಸೇಡಂ, ಮನೆ ಮತ್ತು ಕಚೇರಿ ಚಿತ್ತಾಪುರದಲ್ಲಿ. ಇಪ್ಪತ್ತೈದು ವರ್ಷ ಮಂದಿಯ ಹೊಲದ ಬದುವಿನ ಮೇಲೆ ಸರಪಳಿ ಎಳೆದು, ತೊಗರಿಯೊಳಗೆ ಮುಚ್ಚಿಹೋದ ಗಡಿಯ ಬಾಂದುಗಲ್ಲು ಹುಡುಕಿ, ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಅಂಕಿ ಬರೆದುಕೊಂಡವನು. ಹೀಗಾಗಿ ಮನುಷ್ಯರ ಮಾತಿಗಿಂತ ಅಳತೆಯ ಮೇಲೆ ನನಗೆ ನಂಬಿಕೆ ಜಾಸ್ತಿ. ಇದೇನು ದೊಡ್ಡ ಗುಣ ಅಂತ ಹೇಳುತ್ತಿಲ್ಲ. ಮನೆಯಲ್ಲಿ ಇದರಿಂದ ಬೈಗುಳ ತಿಂದದ್ದೇ ಹೆಚ್ಚು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಚೇರಿಯ ಪಡಸಾಲೆಯಲ್ಲಿ ನಿಂತಿದ್ದಾಗ ಎದೆ ಹಿಡಿದುಕೊಂಡಿತು. ಕಲಬುರಗಿಯ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಅಲ್ಲಿಂದ ಏಳೆಂಟು ತಿಂಗಳು ನನ್ನ ಗುಡ್ಡದ ಸೈಕಲ್ಲು ಅಂಗಳದ ಮೂಲೆಯಲ್ಲಿ ಹಳೆಯ ಸೀರೆ ಹೊದ್ದುಕೊಂಡು ನಿಂತಿತ್ತು. ನಾನು ಹಾದಾಗೆಲ್ಲ ಅದರ ಬ್ರೇಕು ಒಮ್ಮೆ ಒತ್ತಿ ಬಿಡುತ್ತಿದ್ದೆ.

ಆ ಸೈಕಲ್ಲು ನನಗೆ ಏನು ಅಂತ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದಿನವಿಡೀ ನನ್ನ ಕೆಲಸ ಗೆರೆ ಎಳೆಯುವುದು. ಇದು ಇವನದು, ಅದು ಅವನದು. ನಸುಕಿನಲ್ಲಿ ಶಹಾಬಾದಿನ ಹಳೆಯ ಕಲ್ಲುಗಣಿಗಳ ಕಡೆ ಸೈಕಲ್ ತುಳಿದರೆ ಆ ಗೆರೆಗಳೆಲ್ಲ ಅಳಿಸಿಹೋಗುತ್ತಿದ್ದವು. ಕೆಲಸ ನಿಂತ ಗಣಿಗಳಲ್ಲಿ ನೀರು ನಿಂತಿರುತ್ತದೆ. ಒಂದು ಕಡೆ ಹಸಿರು, ಒಂದು ಕಡೆ ನೀಲಿ. ಅಂಚಿನಲ್ಲಿ ಒಡೆದ ಫರಸಿಕಲ್ಲಿನ ಗುಡ್ಡೆಗಳು, ಅವುಗಳ ನಡುವೆ ಆಡು ಮಾಡಿಕೊಂಡ ಕಾಲುದಾರಿ. ಆ ದಾರಿಯಲ್ಲಿ ಗಾಲಿಯ ಕೆಳಗೆ ಕಲ್ಲಚಕ್ಕೆಗಳು ಕಿಣಿಕಿಣಿ ಅನ್ನುವಾಗ ನಾನು ಎಲ್ಲಿದ್ದೇನೆ, ಯಾವ ಸರ್ವೆ ನಂಬರಿನಲ್ಲಿದ್ದೇನೆ ಅನ್ನುವುದು ಮರೆತು ಹೋಗುತ್ತಿತ್ತು. ಮಂಜು ನೀರಿನಿಂದ ಏಳುತ್ತಿತ್ತೋ ನನ್ನ ಬಾಯಿಂದ ಏಳುತ್ತಿತ್ತೋ ಗೊತ್ತಾಗುತ್ತಿರಲಿಲ್ಲ. ನನಗೆ ಸುಖ ಅಂದರೆ ಅದು.

ಕಡೆಗೆ ಡಾಕ್ಟರು ಒಪ್ಪಿದರು. "ಸೈಕಲ್ ಹೊಡೀರಿ, ಗುಡ್ಡನೂ ಹತ್ತರಿ. ಆದ್ರ ಎದಿ ಬಡಿತ ನಿಮಿಷಕ್ಕ ನೂರಾ ನಲವತ್ತು ದಾಟಬಾರ್ದು."

ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಡಾಕ್ಟರ ಮಾತನ್ನು ಪಕ್ಕದಲ್ಲೇ ಕೂತು ಕೇಳಿದ್ದಳು. ಬಸ್ಸಿನಲ್ಲಿ ಮನೆಗೆ ಬರುವಾಗ ತನ್ನ ಕಾಯಿದೆ ಹೇಳಿದಳು.

"ಎದಿ ಬಡಿತ ನೋಡೋ ಮಶೀನ್ ತಗೋರಿ. ಒಂದ್ಸಲ ನೂರಾ ನಲವತ್ತು ದಾಟ್ತು ಅಂದ್ರ ಸೈಕಲ್ ನಮ್ಮ ಮನ್ಯಾಗ ಇರಂಗಿಲ್ಲ."

"ದಾಟಿದ್ರ ನಾನೇ ಹೇಳ್ತೀನಿ."

"ನಿಮ್ಮ ಮಾತು ಬ್ಯಾಡ. ಮಶೀನ್ ಏನು ಬರಕೊಂಡದ, ಅದನ್ನ ನಾ ನೋಡ್ತೀನಿ."

ಅಳತೆಯನ್ನು ನಂಬುವವನಿಗೆ ಅಳತೆಯದೇ ಬೇಲಿ ಹಾಕಿದಳು. ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ನನ್ನ ಜೊತೆ ಸೈಕಲ್ ತುಳಿಯುವವರು ಒಬ್ಬರೇ, ವಾಡಿ ಜಂಕ್ಷನ್ನಿನ ಗೂಡ್ಸ್ ಗಾಡಿಯ ಗಾರ್ಡ್ ಸಾಹೇಬರು. ಈಗ ಆ ಹುದ್ದೆಗೆ ಬೇರೆ ಹೆಸರಿಟ್ಟಿದ್ದಾರಂತೆ, ನಾವು ಮಾತ್ರ ಗಾರ್ಡ್ ಸಾಹೇಬರು ಅಂತಲೇ ಅನ್ನುತ್ತೇವೆ. ಅವರ ಮಣಿಕಟ್ಟಿನಲ್ಲಿ ಬಡಿತ ತೋರಿಸುವ ಗಡಿಯಾರವಿತ್ತು. ಮೊದಲು ಅದನ್ನೇ ಎರವಲು ಪಡೆದು ನೋಡಿದೆ. ಸಪಾಟು ರಸ್ತೆಯಲ್ಲಿ ಚೆನ್ನಾಗಿ ನಡೆಯಿತು. ಗಣಿಯ ಕಲ್ಲುದಾರಿಗೆ ಇಳಿದೆವೋ ಇಲ್ಲವೋ, ಹ್ಯಾಂಡಲ್ ಅದುರಿ, ಮಣಿಕಟ್ಟು ಮಡಚಿ, ಅದಕ್ಕೆ ಏನೂ ತಿಳಿಯದಾಯಿತು. ಏರಿನ ನೆತ್ತಿಯಲ್ಲಿ ನಾನು ಏದುಸಿರು ಬಿಡುವಾಗ ತೊಂಬತ್ತು ತೋರಿಸಿತು. ಕೂತು ನೀರು ಕುಡಿಯುವಾಗ ನೂರಾ ಮೂವತ್ತು ಅಂದಿತು. ನಾನು ಹತ್ತಿ ಮುಗಿಸಿದ ಮೇಲೆ ಅದು ಹತ್ತಲು ಶುರು ಮಾಡುತ್ತಿತ್ತು.

"ಎದಿ ಪಟ್ಟಿ ತಗೋರಿ ಸರ್ವೆ ಸಾಬ್," ಅಂದರು ಗಾರ್ಡ್ ಸಾಹೇಬರು. "ಎದಿ ಕೆಳಗ ಕಟ್ಕೊಳ್ಳೋದು. ಆಸ್ಪತ್ರ್ಯಾಗ ಇಸಿಜಿ ತಗೀತಾರಲ್ಲ, ಹಂಗ ಖುದ್ದು ಎದಿಯಿಂದ ತಗೊಂಡು ಹೇಳ್ತದ. ಮಣಿಕಟ್ಟಿಂದು ಬಾಜೂ ಮನಿ ಸುದ್ದಿ ಇದ್ದಂಗ. ಪಕ್ಕಾ ಅಲ್ಲ."

ಸೈಕಲ್ಲಿನ ಮೀಟರಿನ ವಿಷಯದಲ್ಲಿ ನಾನೇ ಹಟಕ್ಕೆ ಬಿದ್ದೆ. ಗಾಲಿಗೆ ಅಯಸ್ಕಾಂತ ಕಟ್ಟಿ ಸುತ್ತು ಎಣಿಸುವ ಹಳೆಯ ಜಾತಿಯದು ನಮ್ಮ ಎರೆಮಣ್ಣಿಗೆ ಆಗಿಬರುವುದಿಲ್ಲ. ಒಂದು ಮಳೆ ಬಿದ್ದರೆ ಗಾಲಿಗೆ ಮಣ್ಣು ಮೆತ್ತಿ ಅಯಸ್ಕಾಂತ ಎಲ್ಲಿಗೋ ತಿರುಗಿಬಿಡುತ್ತದೆ, ವಯರು ಜಾಲಿಮುಳ್ಳಿಗೆ ಸಿಕ್ಕಿ ಹರಿಯುತ್ತದೆ. ಹಾಗಾಗಿ ಉಪಗ್ರಹ ನೋಡಿ ಲೆಕ್ಕ ಹಾಕುವುದೇ ಬೇಕು. ಬೆರಳಿಂದ ಸವರುವ ಪರದೆ ಬೇಡ, ಬೆವರು ಕೈಗೆ ಅದು ಕೇಳುವುದಿಲ್ಲ. ಒತ್ತಿದರೆ ಟಕ್ ಅನ್ನುವ ಬಟನ್ ಇರಬೇಕು. ಬೇಸಿಗೆಯ ಬಿಸಿಲಿನಲ್ಲಿ ಅಂಕಿ ಓದಲು ಬರಬೇಕು. ಗಾಳಿಯ ಒತ್ತಡ ನೋಡಿ ಏರು ಇಳಿವು ಬರೆದುಕೊಳ್ಳಬೇಕು. ಇಷ್ಟೆಲ್ಲ ಇರುವುದೊಂದು ಸಿಕ್ಕಿತು. ಬಂದ ದಿನವೇ ಅದನ್ನು ಹಿಡಿದುಕೊಂಡು ನಾನೇ ಹಿಂದೆ ಅಳೆದಿದ್ದ ಎರಡು ಬಾಂದುಗಲ್ಲುಗಳ ನಡುವೆ ನಾಲ್ಕು ಸಲ ಓಡಾಡಿದೆ. ಹೊಲದವರು ಹೊಸ ಜಗಳ ಬಂತು ಅಂತ ಗಾಬರಿಯಾಗಿ ಬದುವಿಗೆ ಬಂದು ನಿಂತರು. ಅಳತೆ ಸರಿ ಬಂತು. ಅವತ್ತು ನನಗೆ ಆದ ಸಂತೋಷ ಹೇಳಿಕೊಳ್ಳಲು ಯಾರೂ ಇರಲಿಲ್ಲ, ಆ ಹೊಲದವರಿಗೇ ಹೇಳಿದೆ.

ಎದೆಪಟ್ಟಿಯೂ ಬಂತು. ಅದು ಎಣಿಸಿದ ಬಡಿತ ಸೈಕಲ್ಲಿನ ಮೀಟರಿನ ಪರದೆಯ ಮೇಲೆಯೇ ಕಾಣುತ್ತದೆ. ಚರ್ಮಕ್ಕೆ ತಾಗುವ ಕಡೆ ಒದ್ದೆ ಮಾಡಿ ಕಟ್ಟಿಕೊಳ್ಳಬೇಕು, ಒಣಗಿದ್ದರೆ ಬಡಿತ ಹಿಡಿಯುವುದಿಲ್ಲ ಅಂತ ಡಬ್ಬಿಯ ಮೇಲೆ ಬರೆದಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಇನ್ನೂ ಮಣೆಯ ಮೇಲೆ ಕೂತಿದ್ದೆ. ತಂಬಿಗೆಯಲ್ಲಿ ನೀರು ಉಳಿದಿತ್ತು, ಅದರಲ್ಲೇ ಪಟ್ಟಿ ಒದ್ದೆ ಮಾಡಿ ಕಟ್ಟಿಕೊಂಡೆ. ಆಮೇಲೆ ಲಿಂಗವನ್ನು ಬೆಳ್ಳಿ ಕರಡಿಗೆಯಲ್ಲಿಟ್ಟು, ಶಿವದಾರ ಕೊರಳಿಗೆ ಹಾಕಿಕೊಂಡೆ. ಕರಡಿಗೆ ಎಂದಿನಂತೆ ಎದೆಗುಂಡಿಯ ಮೇಲೆ ಬಂದು ಕೂತಿತು. ಪಟ್ಟಿಯ ನಡುವೆ ಬಡಿತ ಎಣಿಸುವ ಗುಂಡಿಯೂ ಅಲ್ಲೇ ಇತ್ತು. ನಾನದನ್ನು ಕಂಡೆ, ಕಂಡೂ ಏನೂ ಅಂದುಕೊಳ್ಳಲಿಲ್ಲ.

ಗಾರ್ಡ್ ಸಾಹೇಬರು ಅಂಗಿಯ ಮೇಲಿಂದಲೇ ಉಬ್ಬು ನೋಡಿ ನಕ್ಕರು. "ದೇವರಿಗೂ ಮಶೀನಿಗೂ ಒಂದೇ ಸೀಟ್ ಕೊಟ್ಟೀರಲ್ಲ ಸಾಬ್."

"ಅಡ್ಜಸ್ಟ್ ಮಾಡ್ಕೋತಾವ ಬಿಡ್ರಿ," ಅಂದೆ.

ಒಂದು ತಿಂಗಳು ಹಾಗೇ ನಡೆಯಿತು. ವಾಡಿಯ ಕಡೆ, ಸನ್ನತಿಯ ಕಡೆ ಭೀಮೆಯ ದಂಡೆಯವರೆಗೆ, ಎಲ್ಲ ಸಪಾಟು ರಸ್ತೆ. ಸಂಜೆ ನನ್ನ ಹೆಂಡತಿ ಮೀಟರು ಫೋನಿಗೆ ಕಳಿಸಿದ ಆ ದಿನದ ಗೆರೆ ನೋಡುತ್ತಿದ್ದಳು. ಕೆಳಗೆ ಕಂದು ಬಣ್ಣದಲ್ಲಿ ದಾರಿಯ ಏರಿಳಿವು, ಮೇಲೆ ಕೆಂಪು ಬಣ್ಣದಲ್ಲಿ ನನ್ನ ಎದೆ. ಮಕ್ಕಳ ಕಾಪಿಪುಸ್ತಕ ತಿದ್ದುವ ಹಾಗೆ ಬೆರಳು ಹಿಡಿದು ಕೊನೆಯ ತನಕ ನೋಡಿ, "ಹೂಂ, ಪಾಸ್," ಅಂದು ಫೋನ್ ಕೊಡುತ್ತಿದ್ದಳು. ನಾನು ನಿಜವಾಗಿಯೂ ಪಾಸಾದವನಂತೆ ಹಿಗ್ಗುತ್ತಿದ್ದೆ.

ಚಿಂಚೋಳಿಗೆ ಹೋದದ್ದು ಮಳೆ ಹಿಂದಾದ ಮೇಲೆ. ಸಾಹೇಬರ ಹಳೆಯ ಜೀಪಿನ ಹಿಂದೆ ಎರಡೂ ಸೈಕಲ್ ಕಟ್ಟಿ ನಸುಕಿನಲ್ಲೇ ಹೊರಟೆವು. ಸೇಡಮ್ಮಿನಲ್ಲಿ ನಿಲ್ಲಿಸಿ ಚುರುಮುರಿಯ ಸುಸಲಾ ತಿಂದೆವು. ಮಿರ್ಚಿಯ ತಟ್ಟೆಯನ್ನು ಸಾಹೇಬರು ತಮ್ಮ ಕಡೆ ಎಳೆದುಕೊಂಡರು, ಸ್ಟೆಂಟ್ ನನಗಲ್ಲ ಅವರಿಗೇ ಹಾಕಿದ್ದಾರೋ ಅನ್ನುವಷ್ಟು ಕಾಳಜಿ. ಚಿಂಚೋಳಿ ದಾಟುತ್ತಲೇ ನೆಲದ ಬಣ್ಣ ಬದಲಾಯಿತು. ನಮ್ಮ ಕಡೆಯ ಕರಿ ಎರೆ ಹೋಗಿ ಕೆಂಪು ಮುರಮ್ಮು ಬಂತು. ಕಾಡಿನ ಅಂಚಿನಲ್ಲಿ ಊರಿಂದ ಊರಿಗೆ ಹೋಗುವ ಹಳೆಯ ಬಂಡಿದಾರಿಯೊಂದಿದೆ, ಗುಡ್ಡ ಹತ್ತಿ ಆಚೆ ಇಳಿಯುತ್ತದೆ. ಸೀರೆ ಹೊದ್ದ ಸೈಕಲ್ಲಿನ ಪಕ್ಕ ಕೂತು ಎಂಟು ತಿಂಗಳು ನಾನು ಯೋಚಿಸುತ್ತಿದ್ದದ್ದು ಇದೇ ದಾರಿಯನ್ನು.

ಹತ್ತತೊಡಗಿದೆವು. ನೂರಾ ಹತ್ತು, ನೂರಾ ಹದಿನೆಂಟು, ನೂರಾ ಇಪ್ಪತ್ತಾರು. ತೇಗದ ಎಲೆಯ ಮೇಲೆ ನಿಂತ ಹನಿ ಒಂದೊಂದೇ ಉದುರುತ್ತಿತ್ತು. ನೂರಾ ಮೂವತ್ತೇಳಕ್ಕೆ ಇಳಿದು ಸೈಕಲ್ ತಳ್ಳಿಕೊಂಡು ನಡೆದೆ, ನೂರಾ ಹದಿನೈದಕ್ಕೆ ಬಂದ ಮೇಲೆ ಮತ್ತೆ ಹತ್ತಿದೆ. ನನಗೆ ಅವಸರ ಇರಲಿಲ್ಲ. ಸಾಹೇಬರು ಮುಂದೆ ಹೋಗಿ ಮರಗಳ ನಡುವೆ ಕಾಣದಾದರು. ಒಂದು ಹೊತ್ತಿನಲ್ಲಿ ಪೆಡಲ್ ತುಳಿಯುವುದು ನಿಂತುಹೋಗಿ ದಾರಿಯೇ ನನ್ನ ಕೆಳಗೆ ಹಿಂದಕ್ಕೆ ಸರಿಯುತ್ತಿದೆ ಅನ್ನಿಸಿತು. ಎಲ್ಲೋ ದನದ ಕೊರಳಗಂಟೆ ಕೇಳುತ್ತಿತ್ತು, ಅದು ಮುಂದಿನಿಂದ ಬರುತ್ತಿತ್ತೋ ನಾನು ಚಿಕ್ಕವನಿದ್ದಾಗಿನ ಸೇಡಮ್ಮಿನಿಂದ ಬರುತ್ತಿತ್ತೋ. ನೆತ್ತಿಗೆ ಬಂದಾಗ ಆಚೆ ತೆಲಂಗಾಣದ ಬಯಲು ಬಿಳಿ ಬೆಳಕಿನಲ್ಲಿ ತೇಲುತ್ತಿತ್ತು. ಅಲ್ಲಿ ಯಾವ ಗೆರೆಯೂ ಕಾಣಲಿಲ್ಲ. ಬದುಕಿದ್ದೇನೆ ಅನ್ನುವುದಕ್ಕೆ ಕಣ್ಣಲ್ಲಿ ನೀರು ಬಂತು, ಸಾಹೇಬರು ನೋಡದಿರಲಿ ಅಂತ ಕನ್ನಡಕ ಒರೆಸಿದೆ.

ಇಳಿಯುವಾಗ ಆದದ್ದು ಬೇರೆ. ಆ ಕಡೆಯ ದಾರಿ ಪೂರ್ತಿ ಕಲ್ಲು. ಪೆಡಲ್ ತುಳಿಯುವ ಕೆಲಸವೇ ಇಲ್ಲ, ಬ್ರೇಕ್ ಹಿಡಿದು ಕುಣಿಯುತ್ತ ಇಳಿಯುವುದಷ್ಟೆ. ಅರ್ಧ ದಾರಿಯಲ್ಲಿ ಹ್ಯಾಂಡಲ್ ಮೇಲಿನ ಪರದೆ ನೋಡಿದೆ. ನೂರಾ ಎಂಬತ್ತೆಂಟು. ಕಣ್ಣು ತಪ್ಪಿರಬೇಕು ಅಂತ ಮತ್ತೆ ನೋಡಿದೆ. ಇನ್ನೂರಾ ಮೂರು. ಆಮೇಲೆ ಇನ್ನೂರಾ ಹನ್ನೊಂದು.

ನೋವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ನೋವೂ ಕೊಡದೆ ಬಂದುಬಿಟ್ಟಿತಲ್ಲ ಅಂದುಕೊಂಡೆ. ಸೈಕಲ್ ನಿಲ್ಲಿಸಿ, ಒಂದು ಮುತ್ತುಗದ ಮರದ ಬುಡದಲ್ಲಿ ಅಂಗಾತ ಮಲಗಿ, ಅಂಗಿಯೊಳಗೆ ಕೈ ಹಾಕಿ ಕರಡಿಗೆ ಹಿಡಿದುಕೊಂಡೆ. ಎಲೆಗಳ ಸಂದಿಯಲ್ಲಿ ಆಕಾಶ ಸಣ್ಣ ಸಣ್ಣ ಹಿಸ್ಸೆಗಳಾಗಿತ್ತು. ಮನೆಯಲ್ಲಿ ಅವಳು ಈಗ ಶಾಲೆಗೆ ಹೊರಟಿರುತ್ತಾಳೆ, ಸೆರಗಿಗೆ ಪಿನ್ನು ಸಿಗದೆ ಹುಡುಕುತ್ತಿರುತ್ತಾಳೆ ಅಂತ ಅನ್ನಿಸಿತು. ಅವಳ ಮಾತು ಕೇಳದೆ ಬಂದೆ ಅನ್ನಿಸಿತು, ಆದರೆ ನಾನು ಅವಳನ್ನು ಕೇಳಿಯೇ ಬಂದಿದ್ದೆ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ.

ಸಾಹೇಬರು ಸೈಕಲ್ ತಿರುಗಿಸಿಕೊಂಡು ಬಂದು ನನ್ನ ಮಣಿಕಟ್ಟು ಹಿಡಿದರು. ಸಿಗ್ನಲ್ಲಿಗೆ ಕಾಯುವ ಗಾಡಿಯಲ್ಲಿ ಗಡಿಯಾರ ನೋಡಿ ನೋಡಿ ಪಳಗಿದ ಮನುಷ್ಯ. ಒಂದು ನಿಮಿಷ ಪೂರ್ತಿ ಎಣಿಸಿದರು.

"ತೊಂಬತ್ತೆರಡು. ನಿಮಗ ಏನೂ ಆಗಿಲ್ಲ ಸಾಬ್. ಮಶೀನ್ ಖರಾಬ್ ಆಗದ."

ಪರದೆಯೂ ಈಗ ತೊಂಬತ್ತೆರಡು ಅಂತಲೇ ಹೇಳುತ್ತಿತ್ತು. ಆದರೆ ಮೊದಲಿನ ಇನ್ನೂರಾ ಹನ್ನೊಂದು ಅದರ ಹೊಟ್ಟೆಯಲ್ಲಿ ಬರೆದಾಗಿತ್ತು.

"ಅಕ್ಕೋರಿಗೆ ಇದು ಕಂಡ್ರ ಸೈಕಲ್ ಹೋಯ್ತು," ಅಂದರು ಸಾಹೇಬರು. "ಈ ಬಟನ್ ಒತ್ತಿ ಹಿಡೀರಿ. ಇವತ್ತಿನ ಸವಾರಿನೇ ಅಳಿಸಿ ಹೋಗ್ತದ. ಸುಳ್ಳ ಅಂಕಿ ಅಳಿಸಿದ್ರ ಗುನಾ ಏನಲ್ಲ."

ಬೆರಳು ಬಟನ್ ಮೇಲಿಟ್ಟೆ. ನಮ್ಮ ಕೆಲಸದಲ್ಲಿ ಅಳತೆ ಪುಸ್ತಕಕ್ಕೆ ರಬ್ಬರ್ ಹಚ್ಚುವಂತಿಲ್ಲ. ತಪ್ಪು ಬರೆದಿದ್ದರೆ ಅಂಕಿ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಬೇಕು. ಇಪ್ಪತ್ತೈದು ವರ್ಷದಲ್ಲಿ ಎಷ್ಟೋ ಜನ ಕೈಮುಗಿದು, ಹೆದರಿಸಿ, ಅಳಿಸು ಅಂದಿದ್ದಾರೆ. ಅಳಿಸಿಲ್ಲ. ಅವತ್ತು ಜೀಪಿನಲ್ಲಿ ಚಿಂಚೋಳಿಯಿಂದ ಚಿತ್ತಾಪುರದ ತನಕ ನನ್ನ ಹೆಬ್ಬೆರಳು ಆ ಬಟನ್ ಮೇಲೆಯೇ ಇತ್ತು. ಸೇಡಂ ಬಂತು, ಹೋಯಿತು, ಕಾಗಿಣೆಯ ಸೇತುವೆ ಬಂತು, ಹೋಯಿತು. ಒತ್ತಲಿಲ್ಲ. ಒತ್ತದೆ ಇದ್ದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಸಂಜೆ ಅವಳು ಶಾಲೆಯಿಂದ ಬಂದು ಮುಖ ತೊಳೆದುಕೊಂಡ ಮೇಲೆ ಫೋನ್ ಕೊಟ್ಟೆ. "ದಾಟೇದ," ಅಂದೆ.

ಅವಳು ಬೈಯಲಿಲ್ಲ. ಮೊದಲು ನನ್ನನ್ನು ಕುರ್ಚಿಯ ಮೇಲೆ ಕೂಡಿಸಿದಳು, ಹಣೆ ಮುಟ್ಟಿದಳು, ಗುಳಿಗೆ ತಗೊಂಡೆನೋ ಇಲ್ಲವೋ ಕೇಳಿದಳು. ಆಮೇಲೆ ಎದುರು ಕೂತು ಗೆರೆಯ ಮೇಲೆ ಬೆರಳಿಟ್ಟಳು. ಮೊದಲಿಂದ ಕೊನೆ ತನಕ ಒಮ್ಮೆ. ಮತ್ತೆ ಮೊದಲಿಂದ.

"ಹತ್ತುವಾಗ ಎದಿ ಶಾಂತ ಅದ. ಇಳಿಯುವಾಗ ಯಾಕ ಹಿಂಗ ಹುಚ್ಚು ಹಿಡದದ? ಇಳಿಯುವಾಗ ಪೆಡಲ್ ತುಳದ್ರೇನು?"

"ಇಲ್ಲ. ಕಲ್ಲು ಭಾಳ ಇದ್ವು. ಬರೇ ಕುಣಕೋತ ಇಳದೆ."

ಅವಳು ನನ್ನ ಎದೆಯನ್ನೇ ನೋಡಿದಳು. ಆ ನೋಟ ನನಗೆ ಅರ್ಥವಾಗಲಿಲ್ಲ. "ಆ ಪಟ್ಟಿ ಕಟ್ಕೋರಿ," ಅಂದಳು.

ಕಟ್ಟಿಕೊಂಡೆ. ಮೀಟರನ್ನು ಟೇಬಲ್ ಮೇಲಿಟ್ಟೆ. ಎಪ್ಪತ್ತೆಂಟು. ಅವಳು ನನ್ನ ಅಂಗಿಯ ಗುಂಡಿ ಬಿಚ್ಚಿ, ಶಿವದಾರ ಹಿಡಿದು, ಕರಡಿಗೆಯನ್ನು ಪಟ್ಟಿಯ ಗುಂಡಿಗೆ ಟಕ್ ಟಕ್ ಟಕ್ ಅಂತ ಬಡಿಯತೊಡಗಿದಳು. ಪಟ್ಟಿ ಚರ್ಮದ ಮೇಲೆ ಸಣ್ಣಗೆ ಹಾರುತ್ತಿತ್ತು. ಪರದೆಯ ಮೇಲೆ ನೂರಾ ಹತ್ತಾಯಿತು, ನೂರಾ ಐವತ್ತಾಯಿತು, ನೂರಾ ತೊಂಬತ್ತಾಯಿತು. ನಾನು ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದೆ.

"ಇದು ನಿಮ್ಮ ಎದಿ ಅಲ್ಲ," ಅಂದಳು. "ಕರಡಗಿ ಸಪ್ಪಳ. ಮಶೀನ್ ಅದನ್ನ ಎಣಿಸ್ಕೋತ ಬಂದದ."

ಬದುಗಳನ್ನು ಗೇಣು ತಪ್ಪದೆ ಅಳೆದವನಿಗೆ ನನ್ನದೇ ಎದೆಯ ಮೇಲೆ ಕರಡಿಗೆಯೂ ಪಟ್ಟಿಯೂ ಒಂದರ ಗಡಿಯೊಳಗೆ ಒಂದು ಬಂದದ್ದು ತಿಳಿದಿರಲಿಲ್ಲ. ನಗು ಬಂತು. ಜೀವ ಉಳಿದ ನಗು, ಸೈಕಲ್ ಉಳಿದ ನಗು. "ನಿನಗ ಹೆಂಗ ಗೊತ್ತಾಯ್ತು?" ಅಂದೆ.

"ನೀವು ಮೆಟ್ಟಲ ಇಳಿಯುವಾಗ ಇದು ಅಂಗಿ ಗುಂಡಿಗೆ ಬಡೀತದ. ಇಪ್ಪತ್ನಾಕು ವರ್ಷ ಆಯ್ತು ಕೇಳ್ಲಿಕತ್ತು. ನೀವು ಬಂದ್ರಿ ಅಂತ ನನಗ ಇದ್ರಿಂದಾನೆ ಗೊತ್ತಾಗ್ತದ."

ಅವಳು ನಗಲಿಲ್ಲ. ಕರಡಿಗೆ ಇನ್ನೂ ಅವಳ ಬೆರಳಲ್ಲೇ ಇತ್ತು.

"ಆಸ್ಪತ್ರ್ಯಾಗ ನಿಮ್ಮನ್ನ ಒಳಗ ಒಯ್ಯುವಾಗ ಇದನ್ನ ಬಿಚ್ಚಿ ನನ್ನ ಕೈಯಾಗ ಕೊಟ್ರು," ಅಂದಳು. "ಪೂಜಿ ಹೊತ್ತು ಬಿಟ್ರ ಮೈ ಮ್ಯಾಲಿಂದ ಎಂದೂ ಬಿಚ್ಚದೇ ಇದ್ದದ್ದು. ಮುಠ್ಠಿ ಬಿಗಿ ಹಿಡಕೊಂಡು ಕುಂತೆ. ಹಿಡದಂಗ ಇದು ಮುಠ್ಠ್ಯಾಗ ಬಡೀಲಿಕತ್ತಿತು. ನಿಮ್ಮ ಎದೀನೇ ಇದ್ರಾಗ ಬಡೀಲಿಕತ್ತದ, ಎಲ್ಲೀ ತನ ಬಡೀತದ ಅಲ್ಲೀ ತನ ನಿಮಗ ಏನೂ ಆಗಂಗಿಲ್ಲ ಅಂತ ಎಣಿಸ್ಕೋತ ಕುಂತಿದ್ದೆ. ಡಾಕ್ಟರ್ ಹೊರಗ ಬಂದ ಮ್ಯಾಲೂ ಮುಠ್ಠಿ ಬಿಚ್ಚಲಿಲ್ಲ."

ಕರಡಿಗೆಯನ್ನು ನನ್ನ ಎದೆಯ ಮೇಲೆ ಇಳಿಬಿಟ್ಟು ಹೇಳಿದಳು. "ಅದು ನಂದೇ ನಾಡಿ ಇತ್ತು. ಆಮ್ಯಾಲ ತಿಳೀತು."

ಇಷ್ಟು ದಿನ ಅವಳು ಇದನ್ನು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ನನ್ನ ಎದೆಯ ಲೆಕ್ಕ ಇಡಲು ಯಾವ ಮಶೀನು ಒಳ್ಳೆಯದು ಅಂತ ಒಂದು ಮಳೆಗಾಲ ಹುಡುಕಿದವನು ನಾನು. ಆ ಹೊತ್ತಿಗೆ ನನಗೆ ಬಹಳ ನಾಚಿಕೆಯಾಯಿತು.

ಲಿಂಗವನ್ನು ತೋಳಿಗೆ ಕಟ್ಟಿಕೊಳ್ಳಲೇನು ಅಂತ ಕೇಳಿದೆ, ಹಾಗೆ ಕಟ್ಟಿಕೊಳ್ಳುವವರೂ ಇದ್ದಾರೆ. ಅವಳು ಒಪ್ಪಲಿಲ್ಲ. "ಲಿಂಗ ಎಲ್ಲದ ಅಲ್ಲೇ ಇರ್ಲಿ. ಮಶೀನ್ ಜಾಗಾ ಬದಲಿ ಮಾಡ್ರಿ." ಹಾಗಾಗಿ ಕೊನೆಗೆ ಮನೆಗೆ ಬಂದದ್ದು ತೋಳಿನ ಪಟ್ಟಿ. ಮೊಣಕೈಗೂ ಭುಜಕ್ಕೂ ನಡುವೆ ಕಟ್ಟುವುದು, ಬೆಳಕಿನಿಂದ ಬಡಿತ ಓದುತ್ತದೆ, ಅಲ್ಲಿ ಮಾಂಸ ಇರುವುದರಿಂದ ಮಣಿಕಟ್ಟಿನಷ್ಟು ಅದುರುವುದಿಲ್ಲ. ಗಣಿಯ ಕಲ್ಲಿನ ಮೇಲೆ ಓಡಿಸಿ, ಗಾರ್ಡ್ ಸಾಹೇಬರ ಕೈಯಿಂದ ನಾಡಿ ಹಿಡಿಸಿ, ಎರಡೂ ಸೇರುತ್ತವೆ ಅಂತ ಖಾತ್ರಿ ಮಾಡಿಕೊಂಡೆ. ಇನ್ನೂರಾ ಹನ್ನೊಂದರ ಸವಾರಿಯನ್ನು ಅಳಿಸಲಿಲ್ಲ. ಅದರ ಕೆಳಗೆ ಷರಾ ಬರೆಯುವ ಜಾಗದಲ್ಲಿ ಕರಡಿಗೆ ಅಂತ ಒಂದೇ ಪದ ಬರೆದೆ.

ಮತ್ತೆ ಚಿಂಚೋಳಿಗೆ ಹೊರಟ ಬೆಳಿಗ್ಗೆ ಅಂಗಳದಲ್ಲಿ ಸೈಕಲ್ ಹಿಡಿದು ನಿಂತಿದ್ದೆ. ತೋಳಿಗೆ ಪಟ್ಟಿ, ಹ್ಯಾಂಡಲ್ ಮೇಲೆ ಪರದೆ. ಅರವತ್ತೆಂಟು. ಅವಳು ನೀರಿನ ಬಾಟಲಿ ಸಿಕ್ಕಿಸಿ, ಪಕ್ಕಕ್ಕೆ ಬಂದು, ಅಂಗಿಯ ಮೇಲಿಂದಲೇ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹೀಗೇ ಹಿಡಿದಿರಬೇಕು.

ಪರದೆಯಲ್ಲಿ ಎಪ್ಪತ್ತೊಂದಾಯಿತು. ಎಂಬತ್ತಾಯಿತು. ತೊಂಬತ್ತೇಳಾಯಿತು.

"ಇನ್ನಾ ಬಾಗಲಾನೇ ದಾಟಿಲ್ಲ," ಅಂದಳು.

"ಕೈ ಬಿಡು, ಇಳೀತದ."

ಅವಳು ಬಿಡಲಿಲ್ಲ. ಹೊರಗೆ ಸಾಹೇಬರು ಜೀಪಿನ ಹಾರ್ನ್ ಹಾಕಿದರು. ನಾವಿಬ್ಬರೂ ಅಂಕಿ ನೋಡುತ್ತ ಅಲ್ಲೇ ನಿಂತಿದ್ದೆವು.